ಒಂದು ರೋಗ, ಎರಡು ಜೀನೋಮ್

ಸೋಂಕುರೋಗಗಳ ಅಧ್ಯಯನದಲ್ಲಿ ಜೀನೋಮ್ (ಜೀವಿಯೊಂದರ ಡಿಎನ್‌ಎಯಲ್ಲಿರುವ ಇಡೀ ಬರಹ) ವಿಜ್ಞಾನದ ಪಾತ್ರವೇನು ಎಂದು ಕೇಳಿ ಬಂದ ಪತ್ರಗಳು ಈ ಬಾರಿ ಎಷ್ಟಿದ್ದವೆಂದರೆ, ಅಂಕಣವನ್ನು ಆ ಒಂದು ವಿಷಯಕ್ಕೇ ಮೀಸಲಿಡಬೇಕಾಯಿತು. ಒಂದೇ ಸಂದೇಹವನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿದ ಪತ್ರಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಬ್ಯಾಕ್ಟೀರಿಯಾದ ಜೀನೋಮ್ ಅನ್ನು ‘ಓದುತ್ತಾರೆ’ ಎಂದು ಎಲ್ಲೆಡೆ ಬರೆಯುತ್ತಾರೆ. ಪ್ರಯೋಗಾಲಯದಲ್ಲಿ ನಿಜವಾಗಿ ನಡೆಯುವುದೇನು? ಮನುಷ್ಯನ ಜೀನೋಮ್ ಓದುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಉತ್ತರ: ಕೆಲಸದ ಕ್ರಮ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಜೀವಕೋಶವನ್ನು ಒಡೆದು ಡಿಎನ್‌ಎಯನ್ನು ಬೇರ್ಪಡಿಸುತ್ತಾರೆ. ಅದನ್ನು ತುಣುಕು ಮಾಡಿ, ಪ್ರತಿ ತುಣುಕಿನಲ್ಲಿ ಎ, ಸಿ, ಜಿ, ಟಿ ಎಂಬ ನಾಲ್ಕು ಅಕ್ಷರಗಳು ಯಾವ ಸರದಿಯಲ್ಲಿವೆ ಎಂಬುದನ್ನು ಯಂತ್ರದಿಂದ ಗುರುತಿಸುತ್ತಾರೆ. ಕೊನೆಗೆ ಕಂಪ್ಯೂಟರಿನಲ್ಲಿ ಆ ತುಣುಕುಗಳನ್ನು ಒಂದಕ್ಕೊಂದು ಹೊಂದಿಸುತ್ತಾರೆ, ಇಲ್ಲವೇ ಈಗಾಗಲೇ ಸಿದ್ಧವಿರುವ ಒಂದು ಆಧಾರ ಜೀನೋಮ್‌ನ ಪಕ್ಕದಲ್ಲಿಟ್ಟು ಎಲ್ಲೆಲ್ಲಿ ಅಕ್ಷರ ಬದಲಾಗಿದೆ ಎಂದು ನೋಡುತ್ತಾರೆ. ಯಂತ್ರವೂ ತಪ್ಪು ಓದುವುದರಿಂದ, ಒಂದೇ ಜಾಗವನ್ನು ಹತ್ತಾರು ಬಾರಿ ಓದಿ ಬಹುಮತಕ್ಕೆ ಬಂದ ಅಕ್ಷರವನ್ನು ಒಪ್ಪಿಕೊಳ್ಳುವುದು ರೂಢಿ. ಹೇಳುವುದಕ್ಕೆ ಸುಲಭವೆನಿಸಿದರೂ ಮೊದಲ ಹೆಜ್ಜೆಯೇ ಕೆಲವೊಮ್ಮೆ ಕೈಕೊಡುತ್ತದೆ. ಕ್ಷಯದ ಬ್ಯಾಕ್ಟೀರಿಯಾಕ್ಕೆ ಮೇಣದಂಥ ದಪ್ಪ ಹೊದಿಕೆ ಇದೆ. ಅದನ್ನು ಒಡೆಯಲು ಸಣ್ಣ ಗಾಜಿನ ಮಣಿಗಳೊಡನೆ ಸೇರಿಸಿ ಜೋರಾಗಿ ಕುಲುಕಬೇಕಾಗುತ್ತದೆ.

ವ್ಯತ್ಯಾಸ ಮೊದಲಿಗೆ ಗಾತ್ರದ್ದು. ಸ್ವತಂತ್ರವಾಗಿ ಬದುಕಬಲ್ಲ ಜೀವಿಯೊಂದರ ಇಡೀ ಜೀನೋಮ್ ಮೊದಲ ಬಾರಿಗೆ ಪ್ರಕಟವಾದದ್ದು 1995ರಲ್ಲಿ. ಅದು ಹಿಮೋಫಿಲಸ್ ಇನ್‌ಫ್ಲುಯೆಂಜೆ ಎಂಬ ಬ್ಯಾಕ್ಟೀರಿಯಾದ್ದು. ಅದರ ಉದ್ದ ಸುಮಾರು 18 ಲಕ್ಷ ಅಕ್ಷರಗಳು. 1998ರಲ್ಲಿ ಪ್ರಕಟವಾದ ಕ್ಷಯದ ಬ್ಯಾಕ್ಟೀರಿಯಾದ ಜೀನೋಮ್ 44 ಲಕ್ಷ ಅಕ್ಷರಗಳದು, ಅದರಲ್ಲಿರುವ ಜೀನ್‌ಗಳು ಸುಮಾರು ನಾಲ್ಕು ಸಾವಿರ. ಮನುಷ್ಯನದು 300 ಕೋಟಿಗೂ ಮಿಕ್ಕ ಅಕ್ಷರಗಳ ಜೀನೋಮ್, ಅದೂ ತಾಯಿಯಿಂದ ಒಂದು, ತಂದೆಯಿಂದ ಒಂದು ಎಂದು ಎರಡು ಪ್ರತಿ. 2003ರಲ್ಲಿ ‘ಮುಗಿಯಿತು’ ಎಂದು ಘೋಷಿಸಲಾದ ಈ ಕೆಲಸದಲ್ಲಿ ಉಳಿದಿದ್ದ ತೆರಪುಗಳು ತುಂಬಿದ್ದು 2022ರಲ್ಲಿ.

ಆದರೆ ನನ್ನ ಎಣಿಕೆಯಲ್ಲಿ ಗಾತ್ರಕ್ಕಿಂತ ಮುಖ್ಯವಾದ ವ್ಯತ್ಯಾಸ ಬೇರೊಂದಿದೆ. ಇಬ್ಬರು ಮನುಷ್ಯರನ್ನು ಹೋಲಿಸಿದರೆ ಜೀನ್‌ಗಳ ಪಟ್ಟಿ ಬಹುಮಟ್ಟಿಗೆ ಅದೇ ಇರುತ್ತದೆ, ಅಲ್ಲಲ್ಲಿ ಕಾಗುಣಿತ ಮಾತ್ರ ಬೇರೆ. ಯಾರದೇ ಜೀನೋಮ್ ತೆಗೆದುಕೊಂಡರೂ ಆಧಾರ ಜೀನೋಮ್‌ಗಿಂತ 40ರಿಂದ 50 ಲಕ್ಷ ಕಡೆ ಭಿನ್ನವಾಗಿರುತ್ತದೆ. 300 ಕೋಟಿಯ ಮುಂದೆ ಅದು ಅಲ್ಪ. ಬ್ಯಾಕ್ಟೀರಿಯಾಗಳಲ್ಲಿ ಹಾಗಲ್ಲ. ಕರುಳಿನಲ್ಲಿ ವಾಸಿಸುವ ಇ. ಕೊಲೈ ಎಂಬ ಬ್ಯಾಕ್ಟೀರಿಯಾದ, ಒಂದೇ ಹೆಸರಿನ ಮೂರು ತಳಿಗಳನ್ನು 2002ರಲ್ಲಿ ಹೋಲಿಸಿದಾಗ, ಅವು ಮೂರರ ಒಟ್ಟು ಪ್ರೋಟೀನ್‌ಗಳಲ್ಲಿ ಮೂರಕ್ಕೂ ಸಮಾನವಾಗಿದ್ದುದು ಶೇ. 39 ಮಾತ್ರ. ಉಳಿದವುಗಳಲ್ಲಿ ಹೆಚ್ಚಿನವನ್ನು ಅವು ನೆರೆಹೊರೆಯ ಬ್ಯಾಕ್ಟೀರಿಯಾಗಳಿಂದಲೋ, ತಮ್ಮೊಳಗೆ ಹೊಕ್ಕ ವೈರಸ್‌ಗಳಿಂದಲೋ ಕಡ ಪಡೆದಿರುತ್ತವೆ. ಹೀಗಾಗಿ ರೋಗಾಣುವಿನ ಹೆಸರಷ್ಟೇ ತಿಳಿದರೆ ಅದರ ಸ್ವಭಾವ ತಿಳಿದಂತಾಗುವುದಿಲ್ಲ.

ಪ್ರಶ್ನೆ: ಕ್ಷಯಕ್ಕೆ ಯಾವ ಔಷಧ ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ ಎಂಬುದನ್ನು ಬರಿಯ ಅಕ್ಷರಗಳನ್ನು ನೋಡಿ ಹೇಳಬಹುದೇ? ಹೇಳಿದರೆ ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಉತ್ತರ: ಹೇಳಬಹುದು; ಜೀನೋಮ್ ವಿಜ್ಞಾನ ಚಿಕಿತ್ಸೆಗೆ ನೇರವಾಗಿ ನೆರವಾದ ಅತ್ಯಂತ ಸ್ಪಷ್ಟ ಉದಾಹರಣೆ ಇದು. ಹಳೆಯ ವಿಧಾನದಲ್ಲಿ ರೋಗಿಯ ಕಫದಿಂದ ಬ್ಯಾಕ್ಟೀರಿಯಾವನ್ನು ಬೆಳೆಸಿ, ಔಷಧ ಬೆರೆಸಿದ ಮಾಧ್ಯಮದಲ್ಲೂ ಅದು ಬೆಳೆಯುವುದೇ ಎಂದು ನೋಡುತ್ತಿದ್ದರು. ಇ. ಕೊಲೈ ಅನುಕೂಲ ಸ್ಥಿತಿಯಲ್ಲಿ 20 ನಿಮಿಷಕ್ಕೊಮ್ಮೆ ಇಬ್ಭಾಗವಾದರೆ ಕ್ಷಯದ ಬ್ಯಾಕ್ಟೀರಿಯಾಕ್ಕೆ ಅದಕ್ಕೆ ಹೆಚ್ಚುಕಡಿಮೆ ಒಂದು ದಿನವೇ ಬೇಕು. ಆದ್ದರಿಂದ ಫಲಿತಾಂಶಕ್ಕೆ ವಾರಗಟ್ಟಲೆ ಕಾಯಬೇಕಾಗುತ್ತಿತ್ತು, ಅಷ್ಟು ದಿನವೂ ರೋಗಿ ತನಗೆ ನಾಟದ ಔಷಧವನ್ನೇ ನುಂಗುತ್ತಿರುವ ಸಾಧ್ಯತೆಯಿತ್ತು.

ಈಗ ರಿಫಾಂಪಿಸಿನ್ ಎಂಬ ಮುಖ್ಯ ಔಷಧವನ್ನೇ ಹತ್ತಿರದಿಂದ ನೋಡೋಣ. ಜೀನ್‌ನಲ್ಲಿರುವ ಬರಹವನ್ನು ಆರ್‌ಎನ್‌ಎಗೆ ನಕಲು ಮಾಡುವ ಬ್ಯಾಕ್ಟೀರಿಯಾದ ಕಿಣ್ವಕ್ಕೆ ಈ ಔಷಧ ಅಂಟಿಕೊಂಡು ನಕಲು ಕೆಲಸವನ್ನು ನಿಲ್ಲಿಸುತ್ತದೆ. ಆ ಕಿಣ್ವದ ಒಂದು ಭಾಗವನ್ನು ರೂಪಿಸುವ ಜೀನ್‌ನ ಹೆಸರು ಆರ್‌ಪಿಒಬಿ. ಅದರಲ್ಲಿ 81 ಅಕ್ಷರಗಳ ಒಂದು ಚಿಕ್ಕ ಹರಹು ಇದೆ; ರಿಫಾಂಪಿಸಿನ್‌ಗೆ ಬಗ್ಗದ ಕ್ಷಯದ ತಳಿಗಳಲ್ಲಿ ಶೇ. 95ರ ಆಸುಪಾಸು ತಳಿಗಳ ಬದಲಾವಣೆ ಅಷ್ಟರೊಳಗೇ ಸಿಗುತ್ತದೆ. ಹೆಚ್ಚಾಗಿ ಕಾಣುವ ಬದಲಾವಣೆಯಲ್ಲಿ ‘ಟಿಸಿಜಿ’ ಎಂದಿದ್ದ ಮೂರಕ್ಷರ ‘ಟಿಟಿಜಿ’ ಆಗುತ್ತದೆ. ನಡುವಿನ ಒಂದು ಅಕ್ಷರ ಬದಲಾದುದರಿಂದ ಸೆರಿನ್ ಇರಬೇಕಾದಲ್ಲಿ ಲ್ಯೂಸಿನ್ ಎಂಬ ಬೇರೆ ಅಮೈನೋ ಆಮ್ಲ ಬಂದು ಕೂರುತ್ತದೆ, ಔಷಧ ಕಚ್ಚಿಕೊಳ್ಳುವ ಗೂಡಿನ ಆಕಾರ ಕೆಡುತ್ತದೆ, ಔಷಧ ಜಾರಿಹೋಗುತ್ತದೆ. ಬದಲಾದದ್ದು 44 ಲಕ್ಷ ಅಕ್ಷರಗಳಲ್ಲಿ ಒಂದು. ಆ ಒಂದರಿಂದಾಗಿ ಚಿಕಿತ್ಸೆಯ ದಾರಿಯೇ ಬೇರೆಯಾಗುತ್ತದೆ. ಈ 81 ಅಕ್ಷರಗಳನ್ನಷ್ಟೇ ತಪಾಸಿಸಿ ಸುಮಾರು ಎರಡು ಗಂಟೆಗಳಲ್ಲಿ ಫಲಿತಾಂಶ ಕೊಡುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಅನುಮೋದಿಸಿತು.

ನಂಬಿಕೆಯ ಮಾತು ಔಷಧದಿಂದ ಔಷಧಕ್ಕೆ ಬದಲಾಗುತ್ತದೆ. ಕ್ಷಯದ ಇನ್ನೊಂದು ಔಷಧವಾದ ಪೈರಜಿನಮೈಡ್‌ಗೆ ಸಂಬಂಧಿಸಿದ ಪಿಎನ್‌ಸಿಎ ಜೀನ್‌ನಲ್ಲಿ ಬದಲಾವಣೆಗಳು ಒಂದೆಡೆ ಗುಂಪಾಗಿರದೆ ಉದ್ದಕ್ಕೂ ಚೆದುರಿಕೊಂಡಿರುತ್ತವೆ. ಅವುಗಳಲ್ಲಿ ಯಾವುದು ಔಷಧವನ್ನು ಕೆಡಿಸುತ್ತದೆ, ಯಾವುದು ನಿರುಪದ್ರವಿ ಎಂದು ನೋಟ ಮಾತ್ರದಿಂದ ಹೇಳಲಾಗದು. ಅದಕ್ಕೆಂದೇ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ, 38 ಸಾವಿರಕ್ಕೂ ಹೆಚ್ಚು ಮಾದರಿಗಳ ಜೀನೋಮ್‌ಗಳನ್ನು ಅವುಗಳ ಪ್ರಯೋಗಾಲಯ ಫಲಿತಾಂಶಗಳೊಡನೆ ತಾಳೆ ನೋಡಿ, ಯಾವ ಬದಲಾವಣೆಗೆ ಯಾವ ಅರ್ಥ ಎಂಬ ಒಂದು ಸೂಚಿಯನ್ನು ಹೊರತಂದಿತು. ಆ ಸೂಚಿಯಲ್ಲಿಲ್ಲದ ಬದಲಾವಣೆ ಕಂಡರೆ ಹಳೆಯ ವಿಧಾನಕ್ಕೇ ಮರಳಿ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡಬೇಕು. ಅಕ್ಷರಗಳನ್ನು ಓದಲು ಕಲಿತಷ್ಟು ಬೇಗ ನಾವು ಅವುಗಳ ಅರ್ಥವನ್ನು ಕಲಿತಿಲ್ಲ.

ಪ್ರಶ್ನೆ: ಸೋಂಕು ಯಾರಿಂದ ಯಾರಿಗೆ ಹರಡಿತು ಎಂಬುದನ್ನು ಬ್ಯಾಕ್ಟೀರಿಯಾದ ಜೀನೋಮ್‌ನಿಂದ ನಿಖರವಾಗಿ ಹೇಳಬಹುದು ಎನ್ನುತ್ತಾರೆ. ಇದು ಬೆರಳಚ್ಚಿನಷ್ಟು ಖಚಿತವೇ?

ಉತ್ತರ: ಅಷ್ಟು ಖಚಿತವಲ್ಲ, ಆ ಹೋಲಿಕೆಯನ್ನು ಪತ್ರಿಕೆಗಳು ಕೈಬಿಟ್ಟರೆ ಒಳ್ಳೆಯದು. ಬೆರಳಚ್ಚು ಬದಲಾಗುವುದಿಲ್ಲ, ಬ್ಯಾಕ್ಟೀರಿಯಾದ ಜೀನೋಮ್ ಬದಲಾಗುತ್ತಲೇ ಇರುತ್ತದೆ. ನಮಗೆ ಉಪಯೋಗಕ್ಕೆ ಬರುವುದೇ ಆ ಬದಲಾವಣೆ. ಕ್ಷಯದ ಬ್ಯಾಕ್ಟೀರಿಯಾ ಸರಾಸರಿ ಎರಡು ಮೂರು ವರ್ಷಗಳಿಗೆ ಒಂದು ಅಕ್ಷರದಷ್ಟು ನಿಧಾನವಾಗಿ ಬದಲಾಗುತ್ತದೆ. ಇಬ್ಬರು ರೋಗಿಗಳಿಂದ ದೊರೆತ ಬ್ಯಾಕ್ಟೀರಿಯಾಗಳ ನಡುವೆ ಐದು ಅಥವಾ ಅದಕ್ಕಿಂತ ಕಡಿಮೆ ಅಕ್ಷರಗಳ ವ್ಯತ್ಯಾಸವಿದ್ದರೆ ಇತ್ತೀಚೆಗೆ ಸೋಂಕು ದಾಟಿರುವ ಸಾಧ್ಯತೆ ಹೆಚ್ಚೆಂದೂ, ಹನ್ನೆರಡನ್ನು ಮೀರಿದರೆ ಸಾಧ್ಯತೆ ಕಡಿಮೆಯೆಂದೂ ತಜ್ಞರು ಒಂದು ಗೆರೆ ಹಾಕಿಕೊಂಡಿದ್ದಾರೆ. ವ್ಯತ್ಯಾಸ ಬಹಳ ಹೆಚ್ಚಿದ್ದರೆ ಇಬ್ಬರ ಸೋಂಕಿಗೂ ಸಂಬಂಧವಿಲ್ಲ ಎಂದು ಗಟ್ಟಿಯಾಗಿ ಹೇಳಬಹುದು. ಸಂಬಂಧ ಇದೆ ಎಂದಾಗ ಮಾತ್ರ ಎಚ್ಚರಿಕೆ ಬೇಕು: ಒಬ್ಬರು ಇನ್ನೊಬ್ಬರಿಗೆ ಕೊಟ್ಟಿರಬಹುದು, ಇಬ್ಬರಿಗೂ ನಮಗೆ ಸಿಕ್ಕದ ಮೂರನೆಯವರೊಬ್ಬರು ಕೊಟ್ಟಿರಬಹುದು. ಅಕ್ಷರಗಳ ಎಣಿಕೆ ಯಾರ ಮೇಲೂ ತಪ್ಪು ಹೊರಿಸುವ ಸಾಕ್ಷ್ಯವಲ್ಲ.

ಜೀನೋಮ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದಕ್ಕೆ 2011ರ ಬೇಸಿಗೆಯಲ್ಲಿ ಜರ್ಮನಿಯಲ್ಲಿ ಹಬ್ಬಿದ ಇ. ಕೊಲೈ ಸೋಂಕಿಗಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುವುದಿಲ್ಲ. ಮೂರೂವರೆ ಸಾವಿರಕ್ಕೂ ಹೆಚ್ಚು ಜನ ಭೇದಿಯಿಂದ ನರಳಿದರು, ಐವತ್ತಕ್ಕೂ ಹೆಚ್ಚು ಜನ ಸತ್ತರು, ಹಲವರ ಮೂತ್ರಪಿಂಡಗಳು ಕೆಟ್ಟವು. ಮೊದಲು ಸ್ಪೇನ್‌ನ ಸೌತೆಕಾಯಿಯ ಮೇಲೆ ಅನುಮಾನ ಬಿದ್ದು ಅಲ್ಲಿನ ರೈತರು ನಷ್ಟಕ್ಕೊಳಗಾದರು. ಬ್ಯಾಕ್ಟೀರಿಯಾದ ಡಿಎನ್‌ಎ ಕೈಗೆ ಬಂದ ಕೆಲವೇ ದಿನಗಳಲ್ಲಿ ಚೀನಾದ ಬಿಜಿಐ ಸಂಸ್ಥೆ ಅದನ್ನು ಓದಿ ಎಲ್ಲರಿಗೂ ಮುಕ್ತವಾಗಿ ಕೊಟ್ಟಿತು. ಹಲವು ದೇಶಗಳ ವಿಜ್ಞಾನಿಗಳು ತಮ್ಮ ತಮ್ಮ ಕಂಪ್ಯೂಟರುಗಳಲ್ಲಿ ಕುಳಿತು ವಿಶ್ಲೇಷಿಸಿದರು. ಕರುಳಿನ ಗೋಡೆಗೆ ಬಲವಾಗಿ ಅಂಟಿಕೊಳ್ಳುವ ಒಂದು ಬಗೆಯ ಇ. ಕೊಲೈ, ವೈರಸ್ ಒಂದರ ಮೂಲಕ ಶಿಗಾ ವಿಷದ ಜೀನ್ ಅನ್ನು ಪಡೆದುಕೊಂಡಿತ್ತು. ಅಂಟುವ ಗುಣ, ವಿಷ ಉಗುಳುವ ಗುಣ ಎರಡೂ ಒಂದರಲ್ಲೇ ಸೇರಿದ ಅಪರೂಪದ ಕೂಡಿಕೆ ಅದು. ರೋಗ ಅಷ್ಟು ತೀವ್ರವಾದದ್ದು ಏಕೆ ಎಂಬುದಕ್ಕೆ ಇದರಿಂದ ವಿವರಣೆ ಸಿಕ್ಕಿತು.

ಆದರೆ ಆ ಬ್ಯಾಕ್ಟೀರಿಯಾ ಯಾವ ತಿನಿಸಿನ ಮೂಲಕ ಬಂದಿತು ಎಂಬುದನ್ನು ಜೀನೋಮ್ ಹೇಳಲಿಲ್ಲ. ಅದನ್ನು ಕಂಡುಹಿಡಿದವರು ಒಂದು ಉಪಾಹಾರ ಗೃಹದಲ್ಲಿ ಉಂಡವರ ಬಿಲ್ಲುಗಳನ್ನೂ, ಅವರು ತಟ್ಟೆಯ ಮುಂದೆ ತೆಗೆದುಕೊಂಡ ಫೋಟೋಗಳನ್ನೂ ಮುಂದಿಟ್ಟುಕೊಂಡು, ಯಾವ ಅಡುಗೆಗೆ ಏನೇನು ಹಾಕಿದ್ದಿರಿ ಎಂದು ಬಾಣಸಿಗರನ್ನು ಕೇಳಿದ ಸಾಂಕ್ರಾಮಿಕ ರೋಗ ತಜ್ಞರು. ಜಾಡು ಮೊಳಕೆ ಕಾಳುಗಳಿಗೆ ಮುಟ್ಟಿತು, ಅಲ್ಲಿಂದ ಈಜಿಪ್ಟ್‌ನಿಂದ ತರಿಸಿದ ಮೆಂತ್ಯಕ್ಕೆ.

ಪ್ರಶ್ನೆ: ಒಂದೇ ಮನೆಯಲ್ಲಿದ್ದು, ಒಂದೇ ಸೋಂಕಿಗೆ ಒಡ್ಡಿಕೊಂಡವರಲ್ಲಿ ಒಬ್ಬರಿಗೆ ಕ್ಷಯ ಬರುತ್ತದೆ, ಇನ್ನೊಬ್ಬರಿಗೆ ಬರುವುದಿಲ್ಲ. ಇದಕ್ಕೆ ಅವರವರ ಜೀನ್‌ಗಳೇ ಕಾರಣವೇ?

ಉತ್ತರ: ಜೀನ್‌ಗಳೂ ಕಾರಣ, ಜೀನ್‌ಗಳೇ ಅಲ್ಲ. ಜಗತ್ತಿನ ಜನರಲ್ಲಿ ಸುಮಾರು ಕಾಲು ಭಾಗದಷ್ಟು ಮಂದಿಗೆ ಕ್ಷಯದ ಸೋಂಕು ತಗುಲಿದೆಯೆಂದು ಅಂದಾಜು. ಅವರಲ್ಲಿ ಜೀವಮಾನದಲ್ಲಿ ರೋಗಕ್ಕೆ ತುತ್ತಾಗುವವರು ಶೇ. 5ರಿಂದ 10 ಮಾತ್ರ. 1930ರ ಸುಮಾರಿಗೆ ಜರ್ಮನಿಯ ಲ್ಯೂಬೆಕ್ ಪಟ್ಟಣದಲ್ಲಿ ಬಿಸಿಜಿ ಲಸಿಕೆಗೆ ಅಕಸ್ಮಾತ್ತಾಗಿ ರೋಗ ತರುವ ತಳಿ ಬೆರೆತು, ಅದನ್ನು ಕುಡಿದ ಸುಮಾರು 250 ಶಿಶುಗಳ ಪೈಕಿ ಎಪ್ಪತ್ತಕ್ಕೂ ಹೆಚ್ಚು ಸತ್ತವು. ಉಳಿದ ಬಹುತೇಕ ಶಿಶುಗಳು ರೋಗವನ್ನು ಗೆದ್ದು ಬದುಕಿದವು. ಇದನ್ನು ಆನುವಂಶಿಕತೆಗೆ ನೇರ ಪುರಾವೆಯೆಂಬಂತೆ ಉದಾಹರಿಸುವವರಿದ್ದಾರೆ. ನಾನು ಹಾಗೆ ಮಾಡಲಾರೆ, ಏಕೆಂದರೆ ಎಲ್ಲ ಶಿಶುಗಳಿಗೂ ಒಂದೇ ಪ್ರಮಾಣದ ಬ್ಯಾಕ್ಟೀರಿಯಾ ಹೋಗಿರಲಿಲ್ಲ.

ಗಟ್ಟಿಯಾದ ಪುರಾವೆ ಅಪರೂಪದ ಕುಟುಂಬಗಳಿಂದ ಬಂದಿದೆ. ಬೇರೆಯವರಿಗೆ ಏನೂ ಮಾಡದ ದುರ್ಬಲ ಮೈಕೋಬ್ಯಾಕ್ಟೀರಿಯಾಗಳಿಂದಲೂ (ಕ್ಷಯದ ಬ್ಯಾಕ್ಟೀರಿಯಾದ ಬಳಗದವು), ಬಿಸಿಜಿ ಲಸಿಕೆಯಿಂದಲೂ ತೀವ್ರವಾಗಿ ಕಾಯಿಲೆ ಬೀಳುತ್ತಿದ್ದ ಮಕ್ಕಳಲ್ಲಿ ಇಂಟರ್‌ಫೆರಾನ್ ಗಾಮಾ ಎಂಬ ಸಂದೇಶವನ್ನು ಸ್ವೀಕರಿಸುವ ಗ್ರಾಹಕದ ಜೀನ್ ಕೆಟ್ಟಿರುವುದು 1996ರಲ್ಲಿ ಗೊತ್ತಾಯಿತು. ಬ್ಯಾಕ್ಟೀರಿಯಾವನ್ನು ನುಂಗಿದ ಬಿಳಿಯ ರಕ್ತಕಣಕ್ಕೆ ‘ಒಳಗಿರುವುದನ್ನು ಕೊಲ್ಲು’ ಎಂಬ ಆದೇಶ ಮುಟ್ಟುವುದಿಲ್ಲ. ಕಣದ ಒಳಗೇ ಬ್ಯಾಕ್ಟೀರಿಯಾ ಸುಖವಾಗಿ ಬೆಳೆಯುತ್ತದೆ. ಇಲ್ಲಿ ಒಂದು ಜೀನ್ ರೋಗವನ್ನು ನಿರ್ಧರಿಸುತ್ತದೆ. ಜನಸಾಮಾನ್ಯರಲ್ಲಿ ಹಾಗಲ್ಲ. ಸಾವಿರಾರು ರೋಗಿಗಳ ಮತ್ತು ಆರೋಗ್ಯವಂತರ ಜೀನೋಮ್‌ಗಳ ಉದ್ದಕ್ಕೂ ಲಕ್ಷಾಂತರ ಜಾಗಗಳನ್ನು ಹೋಲಿಸುವ ಅಧ್ಯಯನಗಳಲ್ಲಿ ಸಿಗುವ ಬಹುಪಾಲು ರೂಪಾಂತರಗಳು ಅಪಾಯವನ್ನು ತುಸು ಏರಿಸುತ್ತವೆ, ಇಲ್ಲವೇ ತುಸು ಇಳಿಸುತ್ತವೆ, ಅಷ್ಟೇ. ಕುಷ್ಠದ ವಿಷಯದಲ್ಲಿ 2009ರಲ್ಲಿ ಚೀನಾದಲ್ಲಿ ನಡೆದ ಅಧ್ಯಯನಕ್ಕೆ, ಬ್ಯಾಕ್ಟೀರಿಯಾದ ಗೋಡೆಯ ತುಣುಕುಗಳನ್ನು ಗುರುತಿಸುವ ನಾಡ್-2 ಜೀನ್ ಸೇರಿದಂತೆ ಹಲವು ಸ್ಪಷ್ಟ ಸುಳಿವುಗಳು ಸಿಕ್ಕವು. ಕ್ಷಯದಲ್ಲಿ ಅಂಥ ಸ್ಪಷ್ಟತೆ ಸಿಕ್ಕಿಲ್ಲ.

ಅದಕ್ಕೆ ಒಂದು ಕಾರಣ ಅಧ್ಯಯನದ ವಿಧಾನದಲ್ಲೇ ಇದೆ. ‘ರೋಗವಿಲ್ಲದವರು’ ಎಂದು ಎಣಿಸಿದವರಲ್ಲಿ ಕೆಲವರು ಸೋಂಕಿಗೆ ಒಡ್ಡಿಕೊಂಡೇ ಇರುವುದಿಲ್ಲ. ಅವರು ರೋಗವನ್ನು ತಡೆದವರೋ, ತಪ್ಪಿಸಿಕೊಂಡವರೋ ಎಂದು ಬೇರ್ಪಡಿಸಲಾಗುವುದಿಲ್ಲ. ಇನ್ನೊಂದು ಕಾರಣ ಎದುರಾಳಿಯದು: ಎಲ್ಲರ ಮೈ ಹೊಕ್ಕ ಬ್ಯಾಕ್ಟೀರಿಯಾ ಒಂದೇ ತಳಿಯದಲ್ಲ. ರೋಗಿಯ ಜೀನೋಮ್ ಮತ್ತು ಅದೇ ರೋಗಿಯಿಂದ ತೆಗೆದ ಬ್ಯಾಕ್ಟೀರಿಯಾದ ಜೀನೋಮ್ ಎರಡನ್ನೂ ಜೋಡಿಯಾಗಿ ಓದಿ, ಯಾವ ಮನುಷ್ಯ ರೂಪಾಂತರಕ್ಕೆ ಯಾವ ತಳಿ ಒಗ್ಗಿದೆ ಎಂದು ಹುಡುಕುವ ಕೆಲಸ ಈಗ ನಡೆಯುತ್ತಿದೆ. ಬಹಳ ಹಿಂದೆಯೇ ಆಗಬೇಕಿದ್ದ ಕೆಲಸವಿದು ಎಂಬುದು ನನ್ನ ಅನಿಸಿಕೆ. ಎರಡು ಪಕ್ಷಗಳ ಜಗಳದಲ್ಲಿ ಒಂದೇ ಪಕ್ಷದ ಹೇಳಿಕೆ ಬರೆದುಕೊಂಡು ಇಷ್ಟು ದಿನ ತೀರ್ಪು ಬರೆಯಲು ಹೊರಟಿದ್ದೆವು.

ಇದಕ್ಕೆಲ್ಲ ಮೊದಲು, ಪೌಷ್ಟಿಕತೆ, ವಯಸ್ಸು, ಮಧುಮೇಹ, ಎಚ್‌ಐವಿ, ಗಾಳಿಯಾಡದ ಕೋಣೆ ಇವುಗಳ ಪ್ರಭಾವ ಸಾಮಾನ್ಯ ಜೀನ್ ರೂಪಾಂತರಗಳಿಗಿಂತ ಹೆಚ್ಚಿನದು ಎಂಬುದನ್ನು ಮರೆಯಬಾರದು.

ಪ್ರಶ್ನೆ: ನಮ್ಮ ತಾಯಿಯ ಕಡೆಯ ಮೂವರು ಬೇರೆ ಬೇರೆ ಸಂದರ್ಭಗಳಲ್ಲಿ ಸೋಂಕಿಗೆ ಇಂಜೆಕ್ಷನ್ ಪಡೆದ ಮೇಲೆ ಕಿವಿ ಕೇಳಿಸದಂತಾದರು. ವೈದ್ಯರೊಬ್ಬರು ‘ಇದು ವಂಶದಲ್ಲಿರಬಹುದು’ ಎಂದರು. ಔಷಧದ ತೊಂದರೆ ವಂಶದಲ್ಲಿ ಹೇಗೆ ಬರುತ್ತದೆ?

ಉತ್ತರ: ಈ ಪತ್ರವನ್ನು ನಾನು ಎರಡು ಬಾರಿ ಓದಿದೆ, ಏಕೆಂದರೆ ಅಂಕಣದ ಇಡೀ ವಿಷಯ ಇದರೊಳಗಿದೆ. ಸ್ಟ್ರೆಪ್ಟೋಮೈಸಿನ್, ಜೆಂಟಾಮೈಸಿನ್, ಅಮಿಕಾಸಿನ್ ಮುಂತಾದವು ಅಮಿನೋಗ್ಲೈಕೋಸೈಡ್ ಎಂಬ ಗುಂಪಿನ ಔಷಧಗಳು. ಅವು ಬ್ಯಾಕ್ಟೀರಿಯಾದ ರೈಬೋಸೋಮ್‌ಗೆ, ಎಂದರೆ ಪ್ರೋಟೀನ್ ತಯಾರಿಸುವ ಯಂತ್ರಕ್ಕೆ, ಅಂಟಿಕೊಂಡು ಅದು ತಪ್ಪುತಪ್ಪಾಗಿ ಕೆಲಸ ಮಾಡುವಂತೆ ಮಾಡುತ್ತವೆ. ನಮ್ಮ ಕೋಶದ್ರವದ ರೈಬೋಸೋಮ್ ಬೇರೆ ವಿನ್ಯಾಸದ್ದಾದ್ದರಿಂದ ಅದಕ್ಕೆ ಸಾಮಾನ್ಯವಾಗಿ ಪೆಟ್ಟು ಬೀಳುವುದಿಲ್ಲ. ಆದರೆ ನಮ್ಮ ಜೀವಕೋಶಗಳಲ್ಲಿ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಗಳು ಬಹಳ ಹಿಂದೆ ಸ್ವತಂತ್ರ ಬ್ಯಾಕ್ಟೀರಿಯಾಗಳಾಗಿದ್ದಂಥವು. ಅವಕ್ಕೆ ತಮ್ಮದೇ ಚಿಕ್ಕ ಜೀನೋಮ್ ಇದೆ, ಬ್ಯಾಕ್ಟೀರಿಯಾದ್ದನ್ನು ಹೋಲುವ ರೈಬೋಸೋಮ್ ಇದೆ.

ಆ ಚಿಕ್ಕ ಜೀನೋಮ್‌ನ 1555ನೆಯ ಅಕ್ಷರ ಈ ರೈಬೋಸೋಮ್‌ನ ಒಂದು ಭಾಗವನ್ನು ರೂಪಿಸುವ ಜಾಗದಲ್ಲಿದೆ; ಹೆಚ್ಚಿನವರಲ್ಲಿ ಅದು ‘ಎ’. ಅದಕ್ಕೆ ಎದುರಾಗಿ ಕೂರುವ 1494ನೆಯ ಅಕ್ಷರ ‘ಸಿ’. ‘ಎ’ಗೂ ‘ಸಿ’ಗೂ ಜೋಡಿಯಾಗದ ಕಾರಣ ಆ ಜಾಗ ಸಡಿಲವಾಗಿದ್ದು ಔಷಧ ಅಷ್ಟು ಸುಲಭವಾಗಿ ಕೂರುವುದಿಲ್ಲ. ಕೆಲವರಲ್ಲಿ 1555ನೆಯದು ‘ಜಿ’ ಆಗಿರುತ್ತದೆ. ‘ಜಿ’ ಮತ್ತು ‘ಸಿ’ ಜೋಡಿಯಾಗುತ್ತವೆ, ಬ್ಯಾಕ್ಟೀರಿಯಾದ ರೈಬೋಸೋಮ್‌ನಲ್ಲಿ ಅದೇ ಜಾಗದಲ್ಲಿ ಇರುವುದೂ ಅಂಥದೇ ಜೋಡಿ. ಹೀಗೆ ಒಂದು ಅಕ್ಷರದ ಬದಲಾವಣೆಯಿಂದ ಮನುಷ್ಯನ ಮೈಟೊಕಾಂಡ್ರಿಯದ ರೈಬೋಸೋಮ್ ಬ್ಯಾಕ್ಟೀರಿಯಾದ್ದಕ್ಕೆ ಇನ್ನಷ್ಟು ಸಮೀಪದ ರೂಪ ತಳೆಯುತ್ತದೆ, ಔಷಧ ಅದನ್ನೂ ಶತ್ರುವೆಂದು ಹಿಡಿಯುತ್ತದೆ. ಧ್ವನಿಯನ್ನು ಗ್ರಹಿಸುವ ಒಳಕಿವಿಯ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲವಾದ್ದರಿಂದ ಕಿವುಡು ಶಾಶ್ವತ. ಮೈಟೊಕಾಂಡ್ರಿಯ ಮಕ್ಕಳಿಗೆ ತಾಯಿಯಿಂದಲೇ ಬರುವುದು. ನಿಮ್ಮ ಕುಟುಂಬದಲ್ಲಿ ತೊಂದರೆ ತಾಯಿಯ ಕಡೆಗೇ ಸೀಮಿತವಾಗಿರುವುದು ಈ ಅನುಮಾನಕ್ಕೆ ಪುಷ್ಟಿ ಕೊಡುತ್ತದೆ. ಈ ಬದಲಾವಣೆಯನ್ನು 1993ರಲ್ಲಿ ಗುರುತಿಸಲಾಯಿತು. ಬ್ರಿಟನ್ನಿನ ಮಕ್ಕಳಲ್ಲಿ ನಡೆಸಿದ ಒಂದು ಅಧ್ಯಯನದಲ್ಲಿ ಸುಮಾರು 500ಕ್ಕೆ ಒಬ್ಬರಲ್ಲಿ ಅದು ಕಂಡುಬಂದಿತ್ತು. ನವಜಾತ ಶಿಶುಗಳಿಗೆ ಔಷಧ ಕೊಡುವ ಮೊದಲು ಅರ್ಧ ಗಂಟೆಯೊಳಗೆ ಇದನ್ನು ಪತ್ತೆಹಚ್ಚುವ ಪರೀಕ್ಷೆಯನ್ನು ಅಲ್ಲಿ ರೂಪಿಸಿ 2022ರಲ್ಲಿ ಅದರ ಫಲಿತಾಂಶ ಪ್ರಕಟಿಸಿದ್ದಾರೆ.

ಇದು ಅನುಮಾನವೇ ಹೊರತು ನಿರ್ಣಯವಲ್ಲ. ಈ ಔಷಧಗಳು ಹೆಚ್ಚಿನ ಪ್ರಮಾಣದಲ್ಲಿ, ಹೆಚ್ಚು ದಿನ ಕೊಟ್ಟಾಗ ಈ ಬದಲಾವಣೆ ಇಲ್ಲದವರ ಕಿವಿಯನ್ನೂ ಕೆಡಿಸಬಲ್ಲವು. ಕಿವಿ ಕೆಟ್ಟವರಲ್ಲಿ ಒಬ್ಬರ ರಕ್ತ ಅಥವಾ ಬಾಯಿಯ ಒಳಕೆನ್ನೆಯ ಮಾದರಿಯಿಂದ ಈ ಒಂದು ಅಕ್ಷರವನ್ನು ಪರೀಕ್ಷಿಸಬಹುದೇ ಎಂದು ವೈದ್ಯರನ್ನು ಕೇಳಿ. ಅಲ್ಲಿಯವರೆಗೆ, ತಾಯಿಯ ಕಡೆಯ ಬಂಧುಗಳಲ್ಲಿ ಯಾರಿಗೇ ಆಸ್ಪತ್ರೆಯ ಚಿಕಿತ್ಸೆ ಬೇಕಾದರೂ ಈ ಸಂಗತಿಯನ್ನು ಮೊದಲೇ ಹೇಳಿಬಿಡಿ. ಬಹಳ ಸಲ ಬದಲಿ ಔಷಧ ಇರುತ್ತದೆ.

ಪ್ರಶ್ನೆ: ಹಾಗಾದರೆ ಆರೋಗ್ಯವಾಗಿರುವಾಗಲೇ ಜೀನೋಮ್ ಓದಿಸಿಕೊಂಡು, ಮುಂದೆ ಯಾವ ಸೋಂಕು ತಗುಲೀತು ಎಂದು ತಿಳಿದುಕೊಳ್ಳಬಹುದಲ್ಲವೇ?

ಉತ್ತರ: ಸದ್ಯಕ್ಕೆ ಆಗದು. ಜೀನ್‌ಗಳಿಗೂ ರೋಗಗಳಿಗೂ ಇರುವ ನಂಟನ್ನು ಹುಡುಕಿದ ಅಧ್ಯಯನಗಳಲ್ಲಿ ಭಾಗವಹಿಸಿದವರ ಪೈಕಿ ಮುಕ್ಕಾಲು ಭಾಗಕ್ಕೂ ಹೆಚ್ಚು ಮಂದಿ ಯುರೋಪ್ ಮೂಲದವರು. ಒಂದು ಜನಸಮುದಾಯದಲ್ಲಿ ಕಂಡ ನಂಟು ಇನ್ನೊಂದರಲ್ಲಿ ಹಾಗೆಯೇ ನಿಲ್ಲುತ್ತದೆಂಬ ಖಾತರಿಯಿಲ್ಲ. ಔಷಧಗಳ ವಿಷಯದಲ್ಲಿ ಮಾತ್ರ ಉಪಯೋಗ ಇದಕ್ಕಿಂತ ಹತ್ತಿರದಲ್ಲಿದೆ: ಕ್ಷಯದ ಔಷಧವಾದ ಐಸೋನಿಯಾಜಿಡ್ ಅನ್ನು ಯಕೃತ್ತು ಬೇಗ ವಿಲೇವಾರಿ ಮಾಡುತ್ತದೆಯೋ ನಿಧಾನವಾಗಿಯೋ ಎಂಬುದನ್ನು ನ್ಯಾಟ್-2 ಜೀನ್‌ನ ರೂಪಾಂತರಗಳು ಹೇಳುತ್ತವೆ, ನಿಧಾನದವರಲ್ಲಿ ಯಕೃತ್ತಿಗೆ ಹಾನಿಯಾಗುವ ಸಂಭವ ಹೆಚ್ಚು.

ಪ್ರಶ್ನೆ: ಕಫದಲ್ಲಿರುವ ರೋಗಾಣುವಿನ ಜೀನೋಮ್ ಓದಲು ಕೊಟ್ಟರೆ, ನನ್ನ ಜೀನೋಮ್ ಕೂಡ ಪ್ರಯೋಗಾಲಯದವರ ಕೈ ಸೇರುತ್ತದೆಯೇ?

ಉತ್ತರ: ಬ್ಯಾಕ್ಟೀರಿಯಾವನ್ನು ಮೊದಲು ಬೆಳೆಸಿಕೊಂಡು ಓದಿದರೆ ನಿಮ್ಮ ಡಿಎನ್‌ಎ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕಫವನ್ನೇ ನೇರವಾಗಿ ಓದಿದರೆ ಯಂತ್ರದಿಂದ ಹೊರಬರುವ ಅಕ್ಷರಗಳಲ್ಲಿ ಬಹುಪಾಲು ನಿಮ್ಮವೇ ಆಗಿರುತ್ತವೆ, ಏಕೆಂದರೆ ಕಫದ ತುಂಬ ನಿಮ್ಮ ಜೀವಕೋಶಗಳಿವೆ. ಮನುಷ್ಯನ ಆಧಾರ ಜೀನೋಮ್‌ಗೆ ಹೊಂದುವ ತುಣುಕುಗಳನ್ನು ಸೋಸಿ ತೆಗೆದು, ಉಳಿದವನ್ನು ಮಾತ್ರ ಸಾರ್ವಜನಿಕ ಭಂಡಾರಕ್ಕೆ ಸೇರಿಸುವುದು ಒಪ್ಪಿತ ಕ್ರಮ. ಆದರೆ ಸೋಸುವ ಮೊದಲಿನ ಕಡತ ಎಲ್ಲಿರುತ್ತದೆ, ಎಷ್ಟು ದಿನ ಇರುತ್ತದೆ, ಯಾರು ತೆರೆಯಬಹುದು ಎಂಬುದು ಆಯಾ ಪ್ರಯೋಗಾಲಯದ ನಿಯಮಕ್ಕೆ ಬಿಟ್ಟದ್ದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಈ ಮೂರನ್ನು ಕೇಳಿ ತಿಳಿದುಕೊಳ್ಳಿ.